ತಗಡಿನ ಸದ್ದು

ಬೂದಿ ಎಂಬ ಕುದುರೆಯ ಪಕ್ಕೆಲುಬುಗಳನ್ನು ಎರಡನೆಯ ಸಲ ಎಣಿಸಬೇಕಾಗಿ ಬಂದ ಭಾನುವಾರವೇ ಲಾಯದಕ್ಕ ತೀರ್ಮಾನ ಮಾಡಿಬಿಟ್ಟಳು: ಸವಾರಿಮಾವ ಇನ್ನು ಬದುಕಿರಬಾರದು.

ಕುದುರೆಗೆ ಒಂದೊಂದು ಪಕ್ಕಕ್ಕೆ ಹದಿನೆಂಟು ಎಲುಬು. ಹೊತ್ತುಹೊತ್ತಿಗೆ ತಿಂದ ಕುದುರೆಯಲ್ಲಿ ಅವು ಕಣ್ಣಿಗೆ ಕಾಣುವುದಿಲ್ಲ, ಅಂಗೈ ಆಡಿಸಿದರೆ ಸಿಗುತ್ತವೆ ಅಷ್ಟೆ. ಆ ಭಾನುವಾರ ಕೆರೆ ದಂಡೆಯಲ್ಲಿ ಮಕ್ಕಳು ಸಾಲಾಗಿ ನಿಂತಿದ್ದರು. ಸವಾರಿಮಾವ ತನ್ನ ಬಣ್ಣದ ಟೋಪಿ ಹಾಕಿಕೊಂಡು, ಒಂದೊಂದು ಮಗುವಿನ ಕೈಗೂ ಪೆಪ್ಪರಮಿಂಟು ಕೊಟ್ಟು, ಎತ್ತಿ ಬೂದಿಯ ಬೆನ್ನ ಮೇಲೆ ಕೂರಿಸುತ್ತಿದ್ದ. ಕುದುರೆಯ ಮೈತುಂಬ ಕೆಂಪು ಬಟ್ಟೆ ಹೊದಿಸಿತ್ತು. ಚೆಂದಕ್ಕೆ ಅಂದುಕೊಂಡರು ಜನ. ಕೆರೆಯ ಮೇಲಿಂದ ಗಾಳಿ ಬೀಸಿ ಬಟ್ಟೆಯ ಅಂಚು ಮೇಲೆದ್ದಿತು. ಲಾಯದಕ್ಕ ನಿಂತಲ್ಲಿಂದಲೇ ಎಣಿಸಿದಳು. ಹದಿಮೂರು ಕಂಡವು. ಬಟ್ಟೆ ಮತ್ತೆ ಕೆಳಗಿಳಿಯಿತು. ಯಾರೋ ಒಬ್ಬ ಅಪ್ಪ ತನ್ನ ಮಗನಿಗೆ, "ಮಾವನಿಗೆ ಥ್ಯಾಂಕ್ಸ್ ಹೇಳು ಪುಟ್ಟಾ" ಅನ್ನುತ್ತಿದ್ದ.

ಊರಿಗೆಲ್ಲ ಅವನು ಮಾವ. ಅದನ್ನು ನೆನೆದರೇ ಅವಳ ಮೈ ಉರಿಯುತ್ತಿತ್ತು. ಇಪ್ಪತ್ತು ವರ್ಷಗಳಲ್ಲಿ ಅವನ ಕೈಯಲ್ಲಿ ಒಂಬತ್ತು ಕುದುರೆ ಸತ್ತಿದ್ದವು. ಒಂದಕ್ಕೂ ಅವನು ಪೆಪ್ಪರಮಿಂಟು ಕೊಟ್ಟವನಲ್ಲ.

ಹಳೆಯ ಇಟ್ಟಿಗೆ ಗೂಡಿನ ಅಂಗಳದಲ್ಲಿ, ಮನೆಗೆ ತಾಗಿದ ಮೂರು ಸಾಲು ಲಾಯದಲ್ಲಿ, ಬೇಡವಾದ ಕುದುರೆಗಳನ್ನು ಅವಳು ಹದಿನಾರು ವರ್ಷದಿಂದ ಸಾಕುತ್ತಿದ್ದಳು. ಈಗ ಹನ್ನೊಂದಿದ್ದವು. ಓಟದಲ್ಲಿ ಕಾಲು ತಿರುಚಿಕೊಂಡದ್ದು, ಇಟ್ಟಿಗೆ ಹೊತ್ತು ಬೆನ್ನು ಬಾಗಿದ್ದು, ಹುಟ್ಟುಹಬ್ಬಕ್ಕೆಂದು ತಂದು ಮಗಳಿಗೆ ಬೇಜಾರಾದ ಮೇಲೆ ಹೆದ್ದಾರಿಯಲ್ಲಿ ಬಿಟ್ಟುಹೋದದ್ದು, ಎರಡೂ ಕಣ್ಣು ಹೋದದ್ದು. ಒಂದೊಂದರ ಹಿಂದೆಯೂ ಕೈ ತೊಳೆದುಕೊಂಡು ಹೋದ ಒಬ್ಬ ಮನುಷ್ಯನಿದ್ದ. ಅವರ ಮುಖಗಳನ್ನೆಲ್ಲ ಅವಳು ನೆನಪಿಟ್ಟುಕೊಂಡಿದ್ದಳು. ಕುದುರೆಗಳ ವಿಷಯದಲ್ಲಿ ಅವಳಿಗಿದ್ದ ತಾಳ್ಮೆ ಎಷ್ಟೆಂದರೆ, ಮನುಷ್ಯರ ಪಾಲಿಗೆ ಏನೂ ಉಳಿದಿರಲಿಲ್ಲ. ಮನೆಯಲ್ಲಿ ಜೊತೆಗಿದ್ದ ತಂಗಿ, "ನಾನೂ ನಾಲ್ಕು ಕಾಲಲ್ಲಿ ಹುಟ್ಟಿದ್ರೆ ನನ್ನನ್ನೂ ಮಾತಾಡಿಸ್ತಿದ್ದೆ ನೀನು" ಎಂದು ಆಗಾಗ ಹಂಗಿಸುತ್ತಿದ್ದಳು.

ಕುರುಡು ಕುದುರೆಯನ್ನು ಹೆದ್ದಾರಿಯಿಂದ ಹಿಡಿದು ತಂದವನು ಠಾಣೆಯ ಪೇದೆ. ಎರಡು ವರ್ಷದ ಹಿಂದಿನ ಮಾತು. ಮೆತ್ತಗಿನ ಮನುಷ್ಯ, ಮಾತೂ ನಡಿಗೆಯೂ ನಿಧಾನ. ಅವಳು ಹಗ್ಗ ತರಲು ಒಳಗೆ ಹೋದಾಗ, ಪಾಪ ಹಸಿದಿದೆ ಎಂದು ಬಾನಿ ತುಂಬ ಬೂಸಾ ಸುರಿದುಬಿಟ್ಟ. ಕುದುರೆ ಅದನ್ನು ಅಗಿಯದೆ ನುಂಗಿತು. ಗಂಟಲಲ್ಲಿ ಕಟ್ಟಿಕೊಂಡು, ಮೂಗಿನಿಂದ ನೊರೆ ಬಂದು, ಕಾಲು ಮಡಚಿ ಬಿತ್ತು. ಪಶುವೈದ್ಯ ಬರುವವರೆಗೆ ಒಂದು ಗಂಟೆ ಹೊತ್ತು ಅವಳು ಅದರ ಕತ್ತನ್ನು ನೀವುತ್ತ ಕೂತಳು. ಕುದುರೆ ಉಳಿಯಿತು. ಪೇದೆಗೆ ಅಂದು ಬಿದ್ದ ಬೈಗುಳಗಳಿಗೆ ಅವನ ಸಮವಸ್ತ್ರದ ಗುಂಡಿಗಳೂ ಉದುರಬೇಕಿತ್ತು.

"ಹಸಿದು ಬಂದ ಕುದುರೆ ಅಗಿಯಲ್ಲ ಕಣಯ್ಯಾ, ನುಂಗುತ್ತೆ. ನುಂಗಿ ಸಾಯುತ್ತೆ. ಬಾನಿ ತಳಕ್ಕೆ ಮೂರು ಕಲ್ಲು ಹಾಕು. ಮುಷ್ಟಿಗಿಂತ ದೊಡ್ಡವು, ನುಣ್ಣಗಿರೋವು. ತೊಳೆದು ಹಾಕು. ಕಲ್ಲು ಸರಿಸಿ ಸರಿಸಿ ತಿನ್ನೋ ಹೊತ್ತಿಗೆ ಅದು ಅಗಿಯೋದು ಕಲಿಯುತ್ತೆ."

ಅವನು ಅತ್ತುಬಿಟ್ಟಿದ್ದ. ಮರು ಭಾನುವಾರ ಒಂದು ಗೋಣಿಚೀಲ ಹೊಳೆಗಲ್ಲು ಹೊತ್ತು ತಂದು ಗೇಟಿನ ಬಳಿ ಸುರಿದ. ಅಲ್ಲಿಂದ ಮುಂದೆ ಬಿಡುವಾದ ಭಾನುವಾರಗಳಲ್ಲಿ ಬಂದು ಕುರುಡು ಕುದುರೆಯ ಮೈ ಉಜ್ಜಿ ಹೋಗುತ್ತಿದ್ದ. ಠಾಣೆಯಲ್ಲಿ ಅವನ ತಲೆಯಲ್ಲಿ ಹುಲ್ಲು ತುಂಬಿದೆ ಅನ್ನುತ್ತಿದ್ದರಂತೆ. ಹುಲ್ಲೇ ಆಗಿದ್ದರೆ ನನ್ನ ಕುದುರೆಗಳಿಗಾದರೂ ಆಗುತ್ತಿತ್ತು ಎಂದು ಲಾಯದಕ್ಕ ತಂಗಿಯ ಹತ್ತಿರ ನಗುತ್ತಿದ್ದಳು.

ಪ್ರಾಣಿ ಇಲಾಖೆಯವರು ಬೂದಿಯನ್ನು ತಂದು ಬಿಟ್ಟದ್ದು ಅದಾದ ಮೇಲೆ. ಊರಾಚೆ ಮುಚ್ಚಿದ ಹಂಚಿನ ಕಾರ್ಖಾನೆಯ ಹಿಂದೆ ಸವಾರಿಮಾವನ ಶೆಡ್ಡಿನಲ್ಲಿ, ತನ್ನ ಲದ್ದಿಯಲ್ಲೇ ಮೊಣಕಾಲವರೆಗೆ ಹೂತು ನಿಂತಿದ್ದ ಬೂದುಬಣ್ಣದ ಹೆಣ್ಣು ಕುದುರೆ. ಆಗ ಹದಿನೆಂಟಕ್ಕೆ ಹದಿನೆಂಟೂ ಎಣಿಸಲು ಸಿಕ್ಕಿದ್ದವು. ಹಿಂಗಾಲಿಗೆ ಕಟ್ಟಿದ ಸರಪಳಿ ಚರ್ಮ ಹರಿದು ಮಾಂಸಕ್ಕೆ ಇಳಿದಿತ್ತು. ಏಳು ತಿಂಗಳು ಅವಳು ಅದನ್ನು ಮಗುವಿನ ಹಾಗೆ ನೋಡಿದಳು. ಮೊದಲ ವಾರ ಎರಡು ಗಂಟೆಗೊಮ್ಮೆ ಒಂದೊಂದೇ ಹಿಡಿ. ಗಾಯಕ್ಕೆ ದಿನಕ್ಕೆ ಎರಡು ಸಲ ಉಪ್ಪುನೀರು. ನಾಲ್ಕನೆಯ ತಿಂಗಳು ಬೂದಿ ಅಂಗಳದಲ್ಲಿ ಮೊದಲ ಸಲ ಹೊರಳಿ, ಎದ್ದು, ಮೈ ಕೊಡವಿ ಓಡಿತು. ಲಾಯದಕ್ಕ ಗೋಡೆಗೆ ಒರಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಎಂಟನೆಯ ತಿಂಗಳು ಇಲಾಖೆಯ ಆದೇಶ ಬಂತು. ಪ್ರಾಣಿ ಚೇತರಿಸಿಕೊಂಡಿರುವ ಕಾರಣ ಮಾಲೀಕರಿಗೆ ಹಿಂತಿರುಗಿಸತಕ್ಕದ್ದು. ಸವಾರಿಮಾವ ಲಾರಿ ತಂದ. ಬೂದಿ ಹಲಗೆ ಹತ್ತಲು ಒಪ್ಪದೆ ಲಾಯದಕ್ಕನ ಹೆಗಲಿಗೆ ತಲೆಯಿಟ್ಟು ನಿಂತಿತು. "ಚೆನ್ನಾಗಿ ಮೇಯಿಸಿದ್ದೀಯಮ್ಮಾ," ಎಂದ ಅವನು, ಬೂದಿಯ ಪೃಷ್ಠ ತಟ್ಟುತ್ತ. "ಇನ್ನೊಂದಿದೆ, ಅದನ್ನೂ ಕಳಿಸಲಾ?"

ಆ ಭಾನುವಾರದೊಳಗೆ ಅವಳು ಮೂರು ದೂರು ಕೊಟ್ಟಿದ್ದಳು. ಮೂರನೆಯದಕ್ಕೆ ಪ್ರಾಣಿ ಇಲಾಖೆಯ ಅಧಿಕಾರಿ ಕುರ್ಚಿ ತೋರಿಸುವ ಸೌಜನ್ಯವನ್ನೂ ಬಿಟ್ಟಿದ್ದ. "ಕುದುರೆ ಅವರದು. ತೆಳ್ಳಗಿದೆ ಅಂತ ಕಿತ್ಕೊಳ್ಳೋಕಾಗುತ್ತಾ? ನಮ್ಮ ಮನೇಲಿ ನಾನೂ ತೆಳ್ಳಗಿದ್ದೀನಿ."

"ಸತ್ತ ಮೇಲೆ ಬರ್ತೀರಾ?"

"ಸತ್ರೆ ತಿಳಿಸಿ. ಪಂಚನಾಮೆ ಮಾಡಿಸ್ತೀನಿ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡಿತು. ಸರಿ, ಸತ್ತ ಮೇಲೇ ಬರಲಿ. ಆದರೆ ಸಾಯುವುದು ಯಾರು ಎಂಬುದನ್ನು ಅವಳು ನೋಡಿಕೊಳ್ಳುತ್ತಾಳೆ.

ಕೋಪದಲ್ಲಿ ಮಾಡಿದ ಕೊಲೆಗಳೆಲ್ಲ ಸಿಕ್ಕಿಬೀಳುತ್ತವೆ ಎಂಬುದು ಅವಳಿಗೆ ಗೊತ್ತಿತ್ತು. ಅವಳ ಕೋಪ ಹಾಗೆ ಕುದಿದು ಉಕ್ಕುವಂಥದ್ದಾಗಿರಲಿಲ್ಲ. ಹದಿನಾರು ವರ್ಷ ಬೂದಿ ಮುಚ್ಚಿದ ಕೆಂಡವಾಗಿ ಕೂತಿತ್ತು, ಇನ್ನೊಂದೆರಡು ವಾರ ಕೂರುವುದು ಅದಕ್ಕೇನೂ ಕಷ್ಟವಿರಲಿಲ್ಲ. ಚಾಕು, ವಿಷ, ಇವೆಲ್ಲ ಎಲ್ಲಿಂದಲೋ ತರಬೇಕು, ಎಲ್ಲೋ ಬಚ್ಚಿಡಬೇಕು. ಹೊರಗಿನಿಂದ ಆಯುಧವೇನನ್ನೂ ತರದೆ, ಅಲ್ಲಿರುವುದರಿಂದಲೇ ಕೆಲಸ ಮುಗಿಯಬೇಕು. ಆ ಶೆಡ್ಡಿನಲ್ಲಿ ಏನಿತ್ತು? ಅವನಿದ್ದ, ಬೂದಿ ಇತ್ತು, ತಗಡಿನ ಗೋಡೆಯಿತ್ತು.

ತಗಡಿನ ವಿಷಯ ಅವಳಿಗೆ ತಿಳಿದದ್ದು ಬೂದಿ ಬಂದ ಐದನೆಯ ತಿಂಗಳಲ್ಲಿ. ಪಶುವೈದ್ಯ ಬೂದಿಯ ಹಿಂಗಾಲಿನ ಗಾಯ ನೋಡಲು ಬಗ್ಗಿದ್ದಾಗ ಮೇವಿನ ಕೋಣೆಯ ತಗಡಿನ ಬಾಗಿಲು ಗಾಳಿಗೆ ದಡಾರನೆ ಬಡಿಯಿತು. ಕಣ್ಣು ಮಿಟುಕಿಸುವುದರೊಳಗೆ ಬೂದಿಯ ಎರಡೂ ಹಿಂಗಾಲು ಗಾಳಿಯಲ್ಲಿದ್ದವು. ಗೊರಸು ವೈದ್ಯನ ಕಿವಿಯ ಪಕ್ಕದಲ್ಲೇ ಹಾದು ಎರಡು ಬೆರಳು ದಪ್ಪದ ಹಲಗೆಯನ್ನು ಸೀಳಿತು. ವೈದ್ಯ ಬೆವರೊರೆಸಿಕೊಂಡು, ಹಿಂದೆ ನಿಲ್ಲುವುದು ಅಪಾಯ ಎಂದು ಕಡತದಲ್ಲಿ ಬರೆದುಹೋದ. ಯಾಕೆ ಎಂಬುದನ್ನು ಲಾಯದಕ್ಕ ಒಬ್ಬಳೇ ಯೋಚಿಸಿ ಕಂಡುಕೊಂಡಳು. ಸವಾರಿಮಾವನಿಗೆ ಕುದುರೆ ಪಳಗಿಸುವ ತನ್ನದೇ ಒಂದು ವಿದ್ಯೆಯಿತ್ತು: ಮೊದಲು ಕೋಲಿನಿಂದ ತಗಡಿಗೆ ಬಡಿಯುವುದು, ಆಮೇಲೆ ಅದೇ ಕೋಲಿನಿಂದ ಬೆನ್ನಿಗೆ. ತಗಡಿನ ಸದ್ದು ಕೇಳಿದರೆ ಏಟು ಬರುತ್ತದೆ ಎಂದು ಬೂದಿ ಕಲಿತಿತ್ತು. ಅವನ ಕೈಯಲ್ಲಿದ್ದಾಗ ತಿರುಗಿ ಒದೆಯಲು ಮೈಯಲ್ಲಿ ಕಸುವಿರಲಿಲ್ಲ. ಕಸುವು ಬಂದದ್ದು ಇವಳ ಏಳು ತಿಂಗಳ ಆರೈಕೆಯಲ್ಲಿ. ಈಗ ಆ ಕಸುವೂ ದಿನದಿನಕ್ಕೆ ಸೋರಿಹೋಗುತ್ತಿತ್ತು. ಇನ್ನು ಹದಿನೈದು ದಿನ ಬಿಟ್ಟರೆ ಬೂದಿ ಒದೆಯಲಾರದು, ಒಂದು ತಿಂಗಳು ಬಿಟ್ಟರೆ ನಿಲ್ಲಲಾರದು.

ಒಂಬತ್ತು ಬೆಳಿಗ್ಗೆ ಅವಳು ಹೋಗಿ ನೋಡಿದಳು. ದಿನವೂ ಐದೂವರೆಗೆ ಲಾಯಕ್ಕಿಳಿಯುವುದು ಅವಳ ರೂಢಿ. ಏಳು ಗಂಟೆಯವರೆಗೆ ತಂಗಿ ಅತ್ತ ತಲೆ ಹಾಕುತ್ತಿರಲಿಲ್ಲ. ಸೈಕಲ್ಲಿನಲ್ಲಿ ಹಿಂದಿನ ಕಾಲುದಾರಿ ಹಿಡಿದರೆ ಕಾರ್ಖಾನೆಗೆ ಹದಿನೈದು ನಿಮಿಷ. ಶೆಡ್ಡಿನ ಮೂರು ಗೋಡೆ ಇಟ್ಟಿಗೆಯವು, ಹಿಂದಿನದು ತಗಡು. ಪಕ್ಕದಲ್ಲೊಂದು ನಲ್ಲಿ. ಅದರಾಚೆ ಚರಂಡಿ ಕೆಲಸಕ್ಕೆಂದು ಯಾರೋ ತಂದು ಸುರಿದು ಮರೆತ ಹೊಳೆಗಲ್ಲಿನ ರಾಶಿ. ಅದರ ಮರೆಯಲ್ಲಿ ಕೂತರೆ ಶೆಡ್ಡಿನ ಬಾಗಿಲೊಳಗಿನ ಎಲ್ಲವೂ ಕಾಣುತ್ತಿತ್ತು.

ಅವನು ಆರೂಕಾಲಕ್ಕೆ ಸ್ಕೂಟರಿನಲ್ಲಿ ಬರುತ್ತಿದ್ದ. ಟೋಪಿ ಮೊಳೆಗೆ ನೇತುಹಾಕಿ, ಫೋನನ್ನು ಗೋಡೆಯ ಗೂಡಿನಲ್ಲಿಟ್ಟು, ಬೂದಿಗೊಂದು ಬೈಗುಳ ಎಸೆಯುತ್ತಿದ್ದ. ಕೆಲವು ದಿನ ಬಾನಿಗೆ ಒಂದಿಷ್ಟು ಬೂಸಾ ಎರಚುತ್ತಿದ್ದ, ಕೆಲವು ದಿನ ಅದೂ ಇಲ್ಲ. ಆಮೇಲೆ ಒಂದು ಹಿಂಗಾಲಿನ ಸರಪಳಿಯ ಬೀಗ ಬಿಚ್ಚಲು ಕುದುರೆಯ ಹಿಂದೆ, ತಗಡಿಗೆ ಬೆನ್ನು ಹಾಕಿ ಕುಕ್ಕರಗಾಲಿನಲ್ಲಿ ಕೂರುತ್ತಿದ್ದ. ತುಕ್ಕು ಹಿಡಿದ ಬೀಗ. ತಿಣುಕಾಡಿ ಬಿಚ್ಚುವುದಕ್ಕೆ ಒಂದು ನಿಮಿಷವಾದರೂ ಬೇಕು. ಆ ಒಂದು ನಿಮಿಷ ಅವನ ತಲೆ ಬೂದಿಯ ಗೊರಸಿನ ಮುಂದೆ, ಬಡಿಸಿದ ತಟ್ಟೆಯ ಹಾಗೆ ಇರುತ್ತಿತ್ತು. ಹಿಂಗಾಲಿಗೆ ಸರಪಳಿ ಹಾಕಿರದಿದ್ದರೆ ಅವನು ಅಲ್ಲಿ ಕೂರಬೇಕಾಗಿಯೇ ಇರಲಿಲ್ಲ. ಅದನ್ನು ಯೋಚಿಸಿದಾಗಲೆಲ್ಲ ಅವಳಿಗೆ ಹೊಟ್ಟೆ ತಣ್ಣಗಾದಂತೆ ಅನಿಸುತ್ತಿತ್ತು.

ಈ ಯೋಜನೆಯ ಸೊಗಸು ಏನೆಂದರೆ, ತಪ್ಪಿದರೂ ನಷ್ಟವಿಲ್ಲ. ಗೊರಸು ಗುರಿ ತಪ್ಪಿತೋ, ಗಾಳಿಗೆ ತಗಡು ಬಡಿಯಿತು, ಅಷ್ಟೆ. ಇನ್ನೊಂದು ಬೆಳಿಗ್ಗೆ ಇದ್ದೇ ಇದೆ. ಗುರಿ ತಾಗಿತೋ, ಒದೆಯುವ ಕುದುರೆ ಒದ್ದಿತು. ಹಿಂದೆ ನಿಲ್ಲಬಾರದೆಂದು ವೈದ್ಯನ ಬರಹವೇ ಇದೆ. ಆಮೇಲೆ ಬೂದಿಯ ಗತಿ? ಅದನ್ನೂ ಅವಳು ವಿಚಾರಿಸಿಟ್ಟುಕೊಂಡಿದ್ದಳು. ಮನುಷ್ಯನ ಪ್ರಾಣ ತೆಗೆದ ಸಾಕುಪ್ರಾಣಿಯನ್ನು ಆರು ವಾರ ಪರವಾನಗಿ ಇರುವ ಆಶ್ರಯದಲ್ಲಿ ಇರಿಸಿ ನೋಡಬೇಕೆಂಬುದು ಇಲಾಖೆಯದೇ ನಿಯಮ. ಸುತ್ತ ಐದು ಊರಿಗೆ ಅಂಥ ಆಶ್ರಯ ಇರುವುದು ಒಂದೇ, ಇವಳದು. ಆರು ವಾರದ ಕೊನೆಗೆ ಕುದುರೆ ಸಾಧುವಾಗಿದೆ ಎಂದು ಬರೆಯುವವನು ಅದೇ ಪಶುವೈದ್ಯ. ಸತ್ತವನಿಗಿರುವ ಒಬ್ಬ ತಮ್ಮ ಕುದುರೆಯ ವಾಸನೆಗೇ ಸೀನುವವನು, ಅವನಂತೂ ವಾಪಸು ಕೇಳುವುದಿಲ್ಲ. ಇಲಾಖೆಯವರೇ ಲಾರಿಯಲ್ಲಿ ಬೂದಿಯನ್ನು ತಂದು ಅವಳ ಅಂಗಳದಲ್ಲಿ ಇಳಿಸುತ್ತಾರೆ.

ಗುರುವಾರ ಬೆಳಿಗ್ಗೆ ಹದವಾಗಿ ಗಾಳಿಯಿತ್ತು. ಕಾರ್ಖಾನೆಯ ಮಾಡಿನ ತಗಡುಗಳೆಲ್ಲ ಆಗೊಮ್ಮೆ ಈಗೊಮ್ಮೆ ಬಡಿದುಕೊಳ್ಳುತ್ತಿದ್ದವು. ಇನ್ನೊಂದು ತಗಡು ಬಡಿದರೆ ಯಾರ ಕಿವಿಯೂ ನೆಟ್ಟಗಾಗದು. ಲಾಯದಕ್ಕ ರಬ್ಬರು ಕೈಗವಸು ಹಾಕಿಕೊಂಡು, ಗೂಟ ಬಡಿಯುವ ಮರದ ಕೊಡತಿ ಹಿಡಿದು, ತಗಡಿನ ಗೋಡೆಯ ಹೊರಗೆ ನಿಂತಳು. ಮೊಳೆ ಕಿತ್ತುಹೋದ ತೂತಿನಲ್ಲಿ ಕಣ್ಣಿಟ್ಟರೆ ಅವನ ನೆತ್ತಿ ಕಾಣುತ್ತಿತ್ತು. ಬೀಗ ಬರುತ್ತಿರಲಿಲ್ಲ. "ನಿಂತ್ಕೊಳೇ ಮುದಿ," ಎಂದು ಅವನು ಬೂದಿಯ ಗಾಯದ ಮೇಲೇ ಗುದ್ದಿದ. ಗಾಯ ಮತ್ತೆ ಬಾಯಿ ಬಿಟ್ಟಿತ್ತು. ಅವಳು ಏಳು ತಿಂಗಳು ಉಪ್ಪುನೀರಿನಲ್ಲಿ ತೊಳೆದು ಮುಚ್ಚಿದ್ದ ಗಾಯ.

ಅವಳು ಕೊಡತಿ ಎತ್ತಿ ಒಂದೇ ಒಂದು ಸಲ ಬಡಿದಳು.

ಒಳಗೆ ಒದ್ದೆ ಮಡಕೆ ಒಡೆದಂಥ ಸದ್ದಾಯಿತು. ಏನೋ ಭಾರವಾದದ್ದು ತಗಡಿಗೆ ಬಂದು ತಾಗಿ ಕೆಳಗೆ ಜಾರಿತು. ಆಮೇಲೆ ಬೂದಿಯ ಉಸಿರಾಟ ಬಿಟ್ಟರೆ ಬೇರೇನೂ ಕೇಳಲಿಲ್ಲ.

ಒಳಗೆ ಹೋಗುವುದು ಯೋಜನೆಯಲ್ಲಿರಲಿಲ್ಲ. ಆದರೆ ಅರ್ಧ ಸತ್ತವನನ್ನು ಬಿಟ್ಟುಹೋಗುವ ಹಾಗಿರಲಿಲ್ಲ, ಖಾತ್ರಿ ಬೇಕಿತ್ತು. ನೆಲವೆಲ್ಲ ಲದ್ದಿಯ ಕೆಸರು, ಹೆಜ್ಜೆ ಇಟ್ಟಲ್ಲೇ ಮುಚ್ಚಿಕೊಳ್ಳುತ್ತಿತ್ತು. ಅವನು ಪಕ್ಕಕ್ಕೆ ಮಗುಚಿ ಬಿದ್ದಿದ್ದ. ಹಣೆಯ ಒಂದು ಭಾಗ ಒಳಗೆ ಹೋಗಿತ್ತು. ಗೊರಕೆಯಂಥ ಉಸಿರು ಬಿಟ್ಟುಬಿಟ್ಟು ಬರುತ್ತಿತ್ತು. ಅವನ ಫೋನು ಗೋಡೆಯ ಗೂಡಿನಲ್ಲಿ, ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು. ಒಂದು ಕರೆ ಮಾಡಿದರೆ ಬದುಕಿದರೂ ಬದುಕಬಹುದು. ಅವಳು ಫೋನನ್ನೊಮ್ಮೆ ನೋಡಿದಳು, ಅವನನ್ನೊಮ್ಮೆ ನೋಡಿದಳು. ಒಂಬತ್ತು ಕುದುರೆಗಳಿಗೆ ನೀನು ಯಾರನ್ನು ಕರೆದೆ ಎಂದು ಕೇಳಬೇಕೆನಿಸಿತು.

ಆಮೇಲೆ ಬೂದಿಯ ಕಡೆ ತಿರುಗಿದಳು. ಅದು ಬೆವರಿ ನಡುಗುತ್ತಿತ್ತು. ಅವಳ ವಾಸನೆ ಸಿಕ್ಕಿದ್ದೇ ಕಿವಿ ಮುಂದೆ ಮಾಡಿ, ಕತ್ತು ಚಾಚಿ, ಹಣೆಯನ್ನು ಅವಳ ಎದೆಗೆ ಒತ್ತಿತು. ಮರೆತಿರಲಿಲ್ಲ. ಬಾನಿಯಲ್ಲಿ ಒಂದು ಕಾಳೂ ಇರಲಿಲ್ಲ. ತಳವನ್ನು ನೆಕ್ಕಿ ನೆಕ್ಕಿ ಸಿಮೆಂಟು ಹೊಳೆಯುತ್ತಿತ್ತು. ಬೂಸಾದ ಚೀಲ ಮಾತ್ರ ಅದಕ್ಕೆಟುಕದ ಎತ್ತರದಲ್ಲಿ, ಕೊಕ್ಕೆಯಲ್ಲಿ ತೂಗುತ್ತಿತ್ತು.

ಹೋಗಬೇಕಿತ್ತು. ಆದರೆ ಹೆಣ ಸಿಕ್ಕಿ, ಜನ ಸೇರಿ, ಪೊಲೀಸರು ಬಂದು, ಕುದುರೆಯ ನೆನಪು ಯಾರಿಗಾದರೂ ಆಗುವ ಹೊತ್ತಿಗೆ ಸಂಜೆಯಾಗುತ್ತದೆ. ಹಸಿದ ಹೊಟ್ಟೆಯನ್ನು ಕಣ್ಣಾರೆ ಕಂಡು ಅವಳು ಎಂದೂ ಬೆನ್ನು ತಿರುಗಿಸಿದವಳಲ್ಲ. ತಣ್ಣಗೆ ನಿಂತು ಯೋಚಿಸಿದಳು. ಅವನು ಬಂದ, ಬೂಸಾ ಹಾಕಿದ, ಬೀಗ ಬಿಚ್ಚಲು ಕೂತ, ಒದೆ ತಿಂದ. ಬಾನಿಯಲ್ಲಿ ಬೂಸಾ ಇದ್ದರೆ ಕತೆ ಕೆಡುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಅದು ಹೊಳೆದಾಗ ತನ್ನ ಬುದ್ಧಿಗೆ ತಾನೇ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿಯಾಯಿತು.

ಎರಡು ಸಲ ನಲ್ಲಿಯ ಬಳಿ ಹೋಗಿ ಬಂದಳು. ಎರಡೇ ಹಿಡಿ ಬೂಸಾ, ಅದು ನೆನೆಯುವಷ್ಟು ನೀರು. ಹದಿನಾರು ವರ್ಷದಿಂದ ದಿನಕ್ಕೆ ಹತ್ತು ಸಲ ಮಾಡಿದ ಕೆಲಸ, ಕೈ ತನ್ನಷ್ಟಕ್ಕೆ ಮಾಡುತ್ತಿತ್ತು. ಅವಳ ಕಿವಿಯೆಲ್ಲ ಹಿಂದೆ ಬಿದ್ದಿದ್ದ ಗೊರಕೆಯ ಮೇಲಿತ್ತು. ಬೂದಿ ತಿನ್ನುತ್ತಿದ್ದ ಹಾಗೆ ಗೊರಕೆಯ ನಡುವಿನ ಬಿಡುವು ಉದ್ದವಾಗುತ್ತ ಬಂತು. ಬಾನಿ ಬರಿದಾಗುವ ಮೊದಲೇ ನಿಂತುಹೋಯಿತು. ಅವಳು ಬೂದಿಯ ಕಿವಿಯ ಹಿಂದೆ ಕೆರೆದು, "ನಾಲ್ಕೇ ದಿನ" ಎಂದು ಹೇಳಿ ಹೊರಬಿದ್ದಳು.

ಮನೆಗೆ ಬಂದಾಗ ಇನ್ನೂ ಏಳಾಗಿರಲಿಲ್ಲ. ಕೊಡತಿ ತನ್ನ ಜಾಗದಲ್ಲಿ ಕೂತಿತು. ಕೈಗವಸು ಮೊಣಕೈವರೆಗೆ ಒದ್ದೆಯಾಗಿತ್ತು. ಇಷ್ಟು ಯಾಕೆ ನೆಂದಿತೆಂದು ಅರೆಗಳಿಗೆ ನೋಡಿ, ಹಿಂಡಿ ಹಗ್ಗದ ಮೇಲೆ ಹರವಿದಳು. ತಂಗಿ ಚಹಾ ತಂದುಕೊಟ್ಟು, "ಏನಕ್ಕ, ಇವತ್ತು ಮುಖ ಗೆಲುವಾಗಿದೆ?" ಎಂದಳು.

"ಕುರುಡನ ಗೊರಸು ವಾಸಿಯಾಗ್ತಾ ಇದೆ," ಎಂದಳು ಲಾಯದಕ್ಕ.

ಎಂಟೂವರೆಗೆ ಆ ದಾರಿಯಲ್ಲಿ ಬಂದ ಲಾರಿಯವನೊಬ್ಬ ಹೆಣ ನೋಡಿದ. ಹತ್ತು ಗಂಟೆಗೆ ಊರಿಗೆಲ್ಲ ತಿಳಿಯಿತು. ಇನ್‌ಸ್ಪೆಕ್ಟರ್ ಬಂದು ನೋಡಿ, ಕುದುರೆ ಒದ್ದು ಸಾವು ಎಂದು ಮಧ್ಯಾಹ್ನದೊಳಗೆ ಬರೆಸಿದ. ಎಲ್ಲವೂ ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ನಡೆಯಿತು. ಸಲೀಸಾಗದೆ ಉಳಿದದ್ದು ಅವಳ ಸಿಟ್ಟು ಮಾತ್ರ. ಕೆರೆ ದಂಡೆಯ ಕಂಬಿಗೆ ಜನ ಹೂ ಕಟ್ಟಿದರು. ಮಕ್ಕಳು ಅದರ ಬುಡದಲ್ಲಿ ಪೆಪ್ಪರಮಿಂಟು ಇಟ್ಟರು. ಊರಿನ ಮಕ್ಕಳಿಗೆಲ್ಲ ಮಾವನಾಗಿದ್ದವನು ಎಂದು ಪತ್ರಿಕೆಯಲ್ಲಿ ಟೋಪಿ ಹಾಕಿದ ಫೋಟೊ ಬಂತು. ಆ ಪಿಶಾಚಿ ಕುದುರೆಗೆ ಗುಂಡು ಹೊಡೆಯಬೇಕೆಂದು ಅಂಗಡಿಯಲ್ಲಿ ಒಬ್ಬಳು ಹೇಳಿದಾಗ, ಲಾಯದಕ್ಕ ಕೈಯಲ್ಲಿದ್ದ ಸಾಬೂನಿನ ಪೊಟ್ಟಣವನ್ನು ಅದು ಹರಿದುಹೋಗುವಷ್ಟು ಬಿಗಿಯಾಗಿ ಹಿಡಿದು ನಿಂತಳು. ಸತ್ತ ಮೇಲೂ ಅವನು ಗೆಲ್ಲುತ್ತಿದ್ದ. ಗೆಲ್ಲಲಿ. ಬೂದಿ ಬಂದರೆ ಸಾಕು.

ನಾಲ್ಕನೆಯ ದಿನ ಮಧ್ಯಾಹ್ನ, ಅವಳು ಎಣಿಸಿದ ಹಾಗೆಯೇ, ಇಲಾಖೆಯ ಲಾರಿ ಅಂಗಳಕ್ಕೆ ಬಂತು. ಜೊತೆಗೆ ಜೀಪಿನಲ್ಲಿ ಕಾಗದ ಹಿಡಿದು ಬಂದವನು ಪೇದೆ. ಬೂದಿ ಹಲಗೆ ಇಳಿದು, ನೆಲ ಮೂಸಿ, ಹಳೆಯ ಲಾಯದ ಕಡೆ ತಾನೇ ನಡೆಯಿತು. ಒಳಗಿನಿಂದ ಕುರುಡು ಕುದುರೆ ಗುರುತು ಹಿಡಿದು ಕೂಗಿತು. ಲಾಯದಕ್ಕ ಪೇದೆ ಎದುರಿಗಿದ್ದಾನೆಂಬ ಮುಜುಗರವಿಲ್ಲದೆ ಅತ್ತಳು. ಅತ್ತರೆ ತಪ್ಪೇನು, ಇವನಿಗೆ ಗೊತ್ತಿರುವುದೇ ತಾನೆ.

"ಅಕ್ಕಾ, ಒಂದು ಸಹಿ ಬೇಕಿತ್ತು," ಎಂದ ಅವನು, ಅವಳ ಅಳು ನಿಂತ ಮೇಲೆ. "ಬೂದೀನ ವಾಪಸ್ ಕೊಟ್ಟ ಮೇಲೆ ಆ ಶೆಡ್ಡಿಗೆ ನೀವಾಗ್ಲಿ, ಇಲ್ಲಿಯೋರು ಬೇರೆ ಯಾರಾಗ್ಲಿ ಹೋಗಿಲ್ಲ ಅಂತ. ಸುಮ್ಮನೆ ಕಡತಕ್ಕೆ."

ಈ ಪ್ರಶ್ನೆಗೆ ಅವಳ ಉತ್ತರ ವಾರದಿಂದ ತಯಾರಾಗಿತ್ತು. "ಆ ಕಡೆ ಕಾಲಿಟ್ರೆ ಮುರೀತೀನಿ ಅಂದಿದ್ದ ಅವನು. ನಾನ್ಯಾಕೆ ಹೋಗ್ಲಿ? ಇಲ್ಲಿರೋದು ನಾನು, ನನ್ನ ತಂಗಿ. ಅವಳಿಗೆ ಆ ದಾರಿಯೂ ಗೊತ್ತಿಲ್ಲ." ಕಾಗದವನ್ನು ಗೋಡೆಗಿಟ್ಟು ಓದಿ, ದಿನಾಂಕ ಸಮೇತ ಸಹಿ ಹಾಕಿಕೊಟ್ಟಳು. ಅವನು ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಹೊರಡಲಿಲ್ಲ.

ಅವಳು ಬೂದಿಯ ಬಾನಿಗೆ ಎರಡು ಹಿಡಿ ಬೂಸಾ ಹಾಕಿ ನೀರು ಬೆರೆಸಿದಳು. ಪೇದೆ ಕುದುರೆಯನ್ನು ನೋಡುವುದು ಬಿಟ್ಟು ಅವಳ ಕೈಗಳನ್ನೇ ನೋಡುತ್ತಿದ್ದ. "ಅಕ್ಕಾ, ಹಸಿದ ಕುದುರೆಗೆ ಹೀಗೆ ಮಾಡಬೇಕು ಅಂತ ನೀವು ಅವತ್ತು ಬೈದು ಕಲಿಸಿದ್ರಲ್ಲ. ಊರಲ್ಲಿ ಬೇರೆ ಯಾರಿಗಾದ್ರೂ ಗೊತ್ತಾ ಇದು?"

"ಈ ಊರಿನೋರಿಗಾ?" ಅವಳ ಸಿಟ್ಟು ಮತ್ತೆ ನೆತ್ತಿಗೇರಿತು. "ಕುದುರೆಗೆ ಹೊಟ್ಟೆ ಇದೆ ಅನ್ನೋದೇ ಗೊತ್ತಿಲ್ಲ ಇವರಿಗೆ. ನನಗೆ ಗೊತ್ತು, ನಿನಗೆ ಗೊತ್ತು. ಓದಿ ಬಂದ ಡಾಕ್ಟ್ರಿಗೂ ನಾನೇ ಹೇಳಿಕೊಡಬೇಕಾಯ್ತು. ಆ ಸವಾರಿಮಾವ ಸತ್ತು ಹುಟ್ಟಿ ಬಂದಿದ್ರೂ ಮಾಡ್ತಿರಲಿಲ್ಲ."

ಪೇದೆ ತಲೆಯಾಡಿಸಿದ. ಜೀಪಿನ ಬಳಿ ಹೋಗಿ ಒಂದು ಬಟ್ಟೆಚೀಲ ತಂದ. ಅದರೊಳಗಿಂದ ಒಂದೊಂದಾಗಿ ತೆಗೆದು ಕಟ್ಟೆಯ ಮೇಲೆ ಸಾಲಾಗಿ ಇಟ್ಟ: ಮೂರು ಕಲ್ಲು, ಮುಷ್ಟಿಗಿಂತ ದೊಡ್ಡವು, ನುಣ್ಣನೆಯವು. "ಅವನ ಬಾನಿ ತಳದಲ್ಲಿದ್ವು ಅಕ್ಕಾ," ಎಂದ, ಅವಳ ಮುಖ ನೋಡಲಾಗದೆ. "ಸಾಹೇಬ್ರು ನೋಡಿ, ಕಲ್ಲು ತಾನೆ ಅಂದ್ರು. ಶೆಡ್ಡೆಲ್ಲಾ ಲದ್ದಿ. ಇವು ಮಾತ್ರ ತೊಳೆದಿದ್ವು. ನಾಲ್ಕು ದಿನದಿಂದ ನನಗೆ ನಿದ್ದೆ ಇಲ್ಲ." ಲಾಯದಕ್ಕ ಕಲ್ಲುಗಳನ್ನು ನೋಡಿದಳು. ಕೊಡತಿಯ ತೂಕ ನೆನಪಿತ್ತು, ಗ್ರಹಿಸಿ ಕೇಳಿದ ಒಂದೊಂದು ಗೊರಕೆಯೂ ನೆನಪಿತ್ತು. ಆ ಹೊಳೆಗಲ್ಲಿನ ರಾಶಿಯ ಮುಂದೆ ಬಗ್ಗಿದ್ದು, ಮೂರನ್ನು ಆರಿಸಿದ್ದು, ನಲ್ಲಿಯ ಕೆಳಗೆ ಹಿಡಿದು ತೊಳೆದದ್ದು ಎಷ್ಟು ಹುಡುಕಿದರೂ ನೆನಪಾಗಲಿಲ್ಲ. ಅವಳು ತನ್ನ ಕೈ ನೋಡಿಕೊಂಡಳು. ಬೆರಳುಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಅವಳ ಬೆನ್ನ ಹಿಂದೆ ಬೂದಿ ತುಟಿಯಿಂದ ಕಲ್ಲು ಸರಿಸಿ, ಅದರಡಿಯ ಬೂಸಾ ಹುಡುಕಿ, ಅವಳು ಕಲಿಸಿದ ಹಾಗೆ ನಿಧಾನವಾಗಿ ಅಗಿಯುತ್ತಿತ್ತು.